ಸಮುದ್ರದಲ್ಲಿ ಗೋಡೆ ಹುಡುಕಿದ್ದು

ಇಳಕಲ್, ಜನವರಿ ೧೯೮೫. ಸಂಕ್ರಮಣ ಮುಗಿದಿದೆ. ಅವ್ವ ಮತ್ತು ನಾನು ನಿನ್ನೆ ಕಾರವಾರದಿಂದ ಬಂದೆವು. ಸೀರೆ ಇನ್ನೂ ಹಿತ್ತಲಲ್ಲಿ ಒಣಗುತ್ತಿದೆ.

ಪ್ರೀತಿಯ ಕಾಕಾ,

ನನಗೆ ಈಜು ಕಲಿಸಿದ ಬೇಸಿಗೆ ನೆನಪಿದೆಯೇ? ನೀನು ನನ್ನ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ಬಾವಿಗೆ ತಳ್ಳಿದ್ದೆ. "ಗ್ವಾಡಿ ಮುಟ್ಟು, ತಿರುಗು." ಇಷ್ಟೇ ನಿನ್ನ ಪಾಠ. ಅನುವಾದದ ಕಾದಂಬರಿಗಳಲ್ಲಿ ಓದಿದ ಸಮುದ್ರವನ್ನು ನಾನು ವರ್ಣಿಸಿದರೆ, "ಅದರಾಗ ನಮ್ಮ ಬಾವಿ ಎಷ್ಟು ಹಿಡಸ್ತಾವ?" ಎಂದು ನೀನು ಕೇಳುತ್ತಿದ್ದೆ. ಸಮುದ್ರವನ್ನು ಇಬ್ಬರೂ ನೋಡಿರಲಿಲ್ಲ.

ಪಂಥ ಕಟ್ಟಿದವನೂ ನೀನೇ. ಸಂಕ್ರಮಣದ ಹಿಂದಿನ ಒಂದು ತಿಂಗಳು ಇಬ್ಬರೂ ದಿನವೂ ಓಡಬೇಕು. ಒಂದು ದಿನ ತಪ್ಪಿದರೂ ಆ ವರ್ಷದ ಪಂಥ ಮುಗಿಯಿತು. ತಪ್ಪದಿದ್ದರೆ ಹಬ್ಬದ ಸ್ನಾನ ಕೂಡಲಸಂಗಮದಲ್ಲಲ್ಲ, ಸಮುದ್ರದಲ್ಲಿ. ಮೊದಲ ವರ್ಷ ನನಗೆ ಜ್ವರ ಬಂತು. ಮರುವರ್ಷ ಪಂಥದ ನಡುವೆಯೇ ನೀನು ಹೋಗಿಬಿಟ್ಟೆ. ಎದೆನೋವಿದೆ ಎಂದು ಒಂದು ಮಾತು ಹೇಳಿದ್ದರೆ...

ಈ ಸಲ ನಿನ್ನ ಹಳೆಯ ಪಾಯಿಜಾಮ ಹಾಕಿಕೊಂಡು ಹುನಗುಂದದ ರಸ್ತೆಯಲ್ಲಿ ಒಬ್ಬಳೇ ಓಡಿದೆ. ಬಸ್ ನಿಲ್ದಾಣದ ಬಳಿ ಚಹಾ ಮಾರುವ ಹುಸೇನಸಾಬ ಮೊದಲ ದಿನವೇ ಕೂಗಿದ: "ಏನ್ರೀ ಅಕ್ಕೋರ, ಬಸ್ ತಪ್ಪೇತೇನ್ರಿ?" ಶಾಲೆಯ ಟೀಚರ್ ಓಡಲು ಇನ್ನೇನು ಕಾರಣವಿರಲು ಸಾಧ್ಯ? ವಾರ ಕಳೆದ ಮೇಲೆ ಅವನ ಕೂಗು ಬದಲಾಯಿತು: "ಜಲ್ದಿ ಓಡ್ರಿ ಅಕ್ಕೋರ, ಡ್ರೈವರ್‌ಗ ನಿಲ್ಲಂತ ಹೇಳೇನಿ!"

ಬಾದಾಮಿಯಲ್ಲಿ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಎಲ್ಲ ಕೆಡುವುದರಲ್ಲಿತ್ತು. ನಸುಕಿನ ಬಸ್ಸು ಹಿಡಿಯಬೇಕಾಗಿ ಬೆಳಗಿನ ಓಟ ಬಿಟ್ಟುಹೋಗಿತ್ತು. ಆಮೇಲೆ ಮಂದಿ, ರೊಟ್ಟಿ, ಪಾತ್ರೆ. ಹೊತ್ತು ಇಳಿಯುವಾಗ ರೇಷ್ಮೆ ಸೆರಗಿನ ಸೀರೆಯಲ್ಲಿ ಹಿತ್ತಲಲ್ಲಿ ನಿಂತಿದ್ದೆ. ಅವ್ವ ಬಂದಳು. ಈ ಓಟ ಅವಳಿಗೆ ಎಷ್ಟು ಬೇಡವಾಗಿತ್ತೆಂದು ನಿನಗೇ ಗೊತ್ತು.

"ಇವತ್ತ ಒಂದಿನ ಬಿಟ್ರ ಏನಾಕ್ಕೇತಿ?"

"ಕಾಕಾನ ಪಂಥ ಮುಗೀತೈತಿ."

ಅವಳು ನನ್ನ ನಿರಿಗೆ ಬಿಚ್ಚಿ, ಹೊಲಕ್ಕೆ ಹೋಗುವವರ ಹಾಗೆ ಬಿಗಿಯಾಗಿ ಕಚ್ಚೆ ಹಾಕಿದಳು. "ಹೋಗ. ಯಾರರ ಕೇಳಿದ್ರ, ಆಡು ತಪ್ಪಿಸಿಕೊಂಡೇತಿ ಅಂತೇನಿ." ಅಗಸ್ತ್ಯ ಹೊಂಡದ ದಂಡೆಯಲ್ಲಿ ಓಡಿ ತಿರುಗಿ ಬಂದಾಗ ಬಾಗಿಲಲ್ಲೇ ಒಬ್ಬ ಅಜ್ಜಿ ಕೇಳಿದಳು: "ಆಡು ಸಿಕ್ತೇನವಾ?"

ತಿಂಗಳು ಒಂದು ದಿನವೂ ತಪ್ಪಲಿಲ್ಲ. ಸಂಕ್ರಮಣಕ್ಕೆ ಕಾರವಾರದಲ್ಲಿ ಹಳೆಯ ಹತ್ತಿ ಸೀರೆ, ಅವ್ವನೇ ಹಾಕಿದ ಕಚ್ಚೆ. ಅಲೆ ದಾಟಿ ಈಜತೊಡಗಿದೆ. ತುಸು ದೂರ ಹೋಗುವಷ್ಟರಲ್ಲಿ ಬಲಗೈ ಗೋಡೆ ಹುಡುಕಿತು. ಸಿಗಲಿಲ್ಲ. ಆದರೂ ತಿರುಗಿದೆ. ಮತ್ತೆ ಅಷ್ಟೇ ದೂರ, ಮತ್ತೆ ತಿರುಗಿದೆ. ಅಷ್ಟು ನೀರಿನೊಳಗೆ ನಮ್ಮ ಬಾವಿಯಷ್ಟೇ ಜಾಗದಲ್ಲಿ ಹೋಗಿ ಬರುತ್ತಿದ್ದೆ! ರೊಟ್ಟಿಯ ಗಂಟು ಹಿಡಿದು ಮರಳಲ್ಲಿ ಕೂತಿದ್ದ ಅವ್ವ ಎದ್ದು ನಿಂತು ಕೂಗಿದಳು: "ಏ ಹುಚ್ಚಿ, ಅದು ಬಾವಿ ಅಲ್ಲ! ಅಲ್ಲಿ ಗ್ವಾಡಿ ಇಲ್ಲ, ಮುಂದ ಹೋಗ!"

ಹೋದೆ, ಕಾಕಾ. ದಂಡೆಗುಂಟ, ಕೈ ಸೋಲುವವರೆಗೆ, ಒಮ್ಮೆಯೂ ತಿರುಗದೆ. ನೀರು ಉಪ್ಪೆಂದು ಕಾದಂಬರಿಗಳು ಹೇಳಿದ್ದು ಖರೆ. ಕಣ್ಣು ಇಷ್ಟು ಉರಿಯುತ್ತದೆಂದು ಮಾತ್ರ ನಾನು ಎಲ್ಲಿಯೂ ಓದಿರಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ: ಮೊದಲು ಒಂದೇ ಬಾವಿ ಹಿಡಿಸಿತು. ಆಮೇಲೆ ಎಣಿಸಲಿಲ್ಲ.

ಬೇಸಿಗೆಯಲ್ಲಿ ನನ್ನ ತರಗತಿಯ ಹುಡುಗಿಯರನ್ನು ನಿನ್ನ ಬಾವಿಗೆ ಇಳಿಸಲು ತೀರ್ಮಾನಿಸಿದ್ದೇನೆ. ಗೋಡೆ ಮುಟ್ಟಿ ತಿರುಗುವುದನ್ನು ಕಲಿಸುತ್ತೇನೆ. ಗೋಡೆ ಇಲ್ಲದ ಕಡೆ ತಿರುಗಬಾರದೆಂಬುದನ್ನೂ. ಹೆಡ್‌ಮಾಸ್ತರರಿಗೆ ಇನ್ನೂ ಹೇಳಿಲ್ಲ.