ಮಗುಚಿ ಅಂಟಿಸಿದ ಅನುಮತಿ ಪತ್ರ

ವಿದ್ಯಾರ್ಥಿ ಸಂಘಗಳ ನಿಧಿಸಂಗ್ರಹಕ್ಕೆ ಅನುಮತಿ ಕೊಡುವ, ಕೊಟ್ಟದ್ದನ್ನು ಕಿತ್ತುಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ, ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿಯಿಂದ, ಏನಿದೆ ಎಂದು ಓದಿ ಹೇಳದೆ, ನೀವು ಒಂದು ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡಿದ್ದೀರಿ. ಆ ಸಹಿಯ ಬಲದ ಮೇಲೆ ಅವಳ ವಿದ್ಯಾರ್ಥಿವೇತನ ರದ್ದಾಯಿತು, ಹಾಸ್ಟೆಲಿನ ಕೋಣೆ ಹೋಯಿತು, ಇತಿಹಾಸದ ಎಂ.ಎ. ಅರ್ಧಕ್ಕೇ ನಿಂತಿತು. ಅವಳು ಕೊಟ್ಟ ಮೇಲ್ಮನವಿ ಒಂದು ಸಾಲಿನ ಉತ್ತರ ಹೊತ್ತು ವಾಪಸು ಬಂದಿದೆ: ‘ತಪ್ಪೊಪ್ಪಿಕೊಂಡವರಿಗೆ ಮೇಲ್ಮನವಿಯ ಅವಕಾಶವಿರುವುದಿಲ್ಲ.’ ಬರುವ ಸೋಮವಾರ ಪರೀಕ್ಷೆಗೆ ಹೆಸರು ನೋಂದಾಯಿಸಲು ಕೊನೆಯ ದಿನ. ಅದು ದಾಟಿದರೆ ಅವಳ ಓದು ಮುಗಿದ ಹಾಗೆ. ಅಷ್ಟರೊಳಗೆ ನಿಮ್ಮ ಮನಸ್ಸು ಕರಗೀತು ಎಂಬ ಭ್ರಮೆ ನನಗಿಲ್ಲ. ಆದರೂ ನಾಲ್ಕು ಜನರ ಕಿವಿಗೆ ಬೀಳಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಇದನ್ನೆಲ್ಲ ಕೇಳಲು ನೀನು ಯಾರಯ್ಯ ಎನ್ನುತ್ತೀರಿ. ಗ್ರಂಥಾಲಯದ ಹಿಂಭಾಗದಲ್ಲಿ, ಜನರೇಟರಿನ ಪಕ್ಕ, ಒಂದೇ ಕಿಟಕಿಯ ಬೈಂಡಿಂಗ್ ಕೋಣೆಯಿದೆ. ಇಪ್ಪತ್ತೇಳು ವರ್ಷದಿಂದ ಅಲ್ಲಿ ಪುಸ್ತಕ ಹೊಲಿಯುತ್ತಿದ್ದೇನೆ. ತಮ್ಮ ನಿಯಮಾವಳಿಯನ್ನು ಪ್ರತಿ ವರ್ಷ ಹೊಲಿದು ಕಳಿಸುವವನೂ ನಾನೇ. ನಾನು ಕೆಲಸಕ್ಕೆ ಸೇರಿದಾಗ ಸಂಘಗಳ ಹಣಸಂಗ್ರಹದ ನಿಯಮ ಒಂದೂವರೆ ಪುಟವಿತ್ತು: ಲೆಕ್ಕ ಇಡಿ, ಸುಳ್ಳು ಹೇಳಬೇಡಿ, ಯಾರನ್ನೂ ಒತ್ತಾಯಿಸಬೇಡಿ. ಈಗ ಅರವತ್ತೊಂದು ಪುಟ. ಇಪ್ಪತ್ತೊಂದು ಕೆಲಸದ ದಿನ ಮೊದಲೇ ಅರ್ಜಿ, ಸಲಹೆಗಾರ ಅಧ್ಯಾಪಕರ ಸಹಿ, ದುಡ್ಡು ಹಾಕುವ ಡಬ್ಬಿಯ ಉದ್ದಗಲ, ಡಬ್ಬಿ ಇಡುವ ಮೇಜಿನ ನಕ್ಷೆ! ಕಳ್ಳರನ್ನು ತಡೆಯಲು ನಿಯಮ ಬೇಕು, ಒಪ್ಪಿದೆ. ಪ್ರವಾಸದ ಹೆಸರಿನಲ್ಲಿ ದುಡ್ಡೆತ್ತಿ ನುಂಗಿ ನೀರು ಕುಡಿದ ಸಂಘಗಳನ್ನೂ ನಾನು ಕಂಡಿದ್ದೇನೆ. ಆದರೆ ಹದಿನಾಲ್ಕನೆಯ ನಿಯಮದಲ್ಲಿ ‘ಅನುಮತಿ ಪತ್ರದ ಮೂಲಪ್ರತಿಯನ್ನು ಡಬ್ಬಿಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸತಕ್ಕದ್ದು’ ಎಂದು ಬರೆದ ಪುಣ್ಯಾತ್ಮರು, ಈ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಕಣ್ಣಿದೆ ಎಂದುಕೊಂಡೇ ಬರೆದರಲ್ಲವೇ?

ಓದಿ ಹೇಳುವವರ ಸಂಘದ ಹೆಸರು ತಾವು ಕೇಳಿದ್ದು ಅದನ್ನು ಅಮಾನತು ಮಾಡಿದ ದಿನವೇ ಇರಬೇಕು. ಹದಿನಾರು ವಿದ್ಯಾರ್ಥಿಗಳು, ಕಣ್ಣು ಕಾಣದ ಹನ್ನೊಂದು ಮಂದಿಗೆ ಪಠ್ಯಪುಸ್ತಕ ಓದಿ ಹೇಳುತ್ತಾರೆ. ಗ್ರಂಥಾಲಯದಲ್ಲಿ ಸದ್ದು ಮಾಡಬಾರದು ಎಂದು ಅಟ್ಟಿದ್ದರಿಂದ ನನ್ನ ಕೋಣೆಗೆ ಬಂದರು. ಜನರೇಟರಿನ ಗದ್ದಲದಲ್ಲಿ ಇವರ ಗದ್ದಲ ಯಾರಿಗೆ ಕೇಳೀತು? ಹೀಗೆ ನಾಲ್ಕು ವರ್ಷದಲ್ಲಿ ನಾನೂ ಅರ್ಧ ಪದವೀಧರನಾದೆ. ಸಂಘದ ಕಾರ್ಯದರ್ಶಿಯೇ ಈ ಹುಡುಗಿ. ಹುಟ್ಟಿನಿಂದ ಕಣ್ಣಿಲ್ಲ, ಆದರೆ ಮೂಗು ಮಹಾ ಚುರುಕು. ಬಾಗಿಲಲ್ಲೇ ನಿಂತು, “ಮಾಮ, ನಿಮ್ಮ ಅಂಟು ಹುಳಿ ಬಂದಿದೆ. ಈ ವಾಸನೆಗೆ ಇಲೀನೂ ಹತ್ರ ಬರಲ್ಲ ನೋಡಿ,” ಎನ್ನುತ್ತಿದ್ದಳು. ಹೋಗಿ ನೋಡಿದರೆ ಹೌದು, ಹುಳಿ ಬಂದಿರುತ್ತಿತ್ತು.

ಗ್ರಂಥಾಲಯದ ಬ್ರೈಲ್ ಪ್ರಿಂಟರ್ ಕೆಟ್ಟು ಕೂತಾಗ ಇವರು ಮೊದಲು ಹೋದದ್ದು ನಿಮ್ಮವರ ಬಳಿಗೇ. ‘ಈ ವರ್ಷದ ಬಜೆಟ್ಟಿನಲ್ಲಿಲ್ಲ’ ಎಂದಿರಿ. ಸರಿ, ನಾವೇ ದುಡ್ಡು ಕೂಡಿಸಿ ದುರಸ್ತಿ ಮಾಡಿಸುತ್ತೇವೆ ಎಂದು ಅರ್ಜಿ ಹಾಕಿದರು. ಮೂರು ಸಲ ಹಿಂದಕ್ಕೆ ಬಂತು. ಒಮ್ಮೆ ಸಹಿ ನೀಲಿ ಶಾಯಿಯಲ್ಲಿಲ್ಲ ಎಂದು, ಒಮ್ಮೆ ಮೇಜಿನ ನಕ್ಷೆಯಲ್ಲಿ ಬಾಗಿಲು ತೋರಿಸಿಲ್ಲ ಎಂದು, ಮೂರನೆಯ ಸಲ ಕಾರಣವನ್ನೇ ಬರೆದಿರಲಿಲ್ಲ. ನಾಲ್ಕನೆಯ ಸಲ ಅನುಮತಿ ಸಿಕ್ಕಿತು. ನಿಮ್ಮ ಮೊಹರಿನ ದಪ್ಪ ಕಾಗದ, ಒಳ್ಳೆಯ ಕಾಗದ, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಹುಡುಗಿಗೆ ಓದಿ ಹೇಳಿದ ಮೇಲೆ ಸಂಘದವರು ನನ್ನ ಮೇಜಿನ ಮೇಲೆ ಇಟ್ಟು ತರಗತಿಗೆ ಹೋದರು. ಆ ಮೇಜಿನ ಮೇಲೆ ಅವಳು ಬ್ರೈಲ್ ಬರೆಯುವ ದಪ್ಪ ಕಾಗದದ ಕಟ್ಟೂ ಇತ್ತು.

ಡಬ್ಬಿಗೆ ಏನಾದರೂ ಬರೆದು ಅಂಟಿಸಬೇಕಲ್ಲ. ದುಡ್ಡು ಹಾಕಲು ಕಣ್ಣು ಕಾಣದವರೂ ಬರುತ್ತಾರೆ, ಅವರಿಗೂ ತಿಳಿಯಲಿ ಎಂದು ಬ್ರೈಲಿನಲ್ಲಿ ಬರೆಯಲು ಕೂತಳು. ಕೈಗೆ ಸಿಕ್ಕ ಕಾಗದದ ಎರಡೂ ಬದಿ ಸವರಿದಳು. ನುಣ್ಣಗಿತ್ತು. ನಿಮ್ಮ ಮೊಹರು, ನಿಮ್ಮ ಸಹಿ, ನಿಮ್ಮ ಹದಿನಾಲ್ಕು ಷರತ್ತು, ಯಾವುದೂ ಬೆರಳಿಗೆ ಸಿಗುವಂಥದ್ದಲ್ಲ. ಅವಳ ಪಾಲಿಗೆ ಅದು ಖಾಲಿ ಹಾಳೆ. ಅದನ್ನು ಬ್ರೈಲ್ ಬರೆಯುವ ತಗಡಿನ ಚೌಕಟ್ಟಿಗೆ ಸಿಕ್ಕಿಸಿ, ಮೊಳೆಯಿಂದ ಚುಕ್ಕಿ ಚುಚ್ಚಿ, ‘ಪ್ರಿಂಟರ್ ದುರಸ್ತಿಗೆ, ನಿಮ್ಮಿಂದಾದಷ್ಟು’ ಎಂದು ಬರೆದಳು. ಡಬ್ಬಿಯ ಅಳತೆಗೆ ಕತ್ತರಿಸಿ, ನನ್ನದೇ ಅಂಟು ಬಳಿದು ಅಂಟಿಸಿದಳು. ನಾನು ಆ ಹೊತ್ತಿನಲ್ಲಿ ಕತ್ತರಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ, ತಿರುಗಿ ನೋಡಲಿಲ್ಲ. ಹಾಗಾಗಿ ತಮ್ಮ ಅನುಮತಿ ಪತ್ರ, ನಿಯಮದಲ್ಲಿ ಹೇಳಿದಂತೆ, ಡಬ್ಬಿಯ ಮೇಲೆಯೇ ಇತ್ತು ಸ್ವಾಮಿ. ಮುಖ ಮಾತ್ರ ಡಬ್ಬಿಯ ಕಡೆಗಿತ್ತು.

ಮೂರನೆಯ ದಿನ ನಿಮ್ಮ ಕಾವಲಿನವರು ಬಂದು ಅನುಮತಿ ಪತ್ರ ತೋರಿಸಿ ಎಂದರು. ಕಡತವೆಲ್ಲ ಜಾಲಾಡಿದರೂ ಸಿಗಲಿಲ್ಲ. ಡಬ್ಬಿ ನಿಮ್ಮ ಅಲಮಾರಿ ಸೇರಿತು. ಎರಡು ದಿನ ಎಲ್ಲರೂ ಹುಡುಕಿದ್ದೇ ಹುಡುಕಿದ್ದು. ಕೊನೆಗೆ ನಿಮ್ಮ ಗುಮಾಸ್ತರೇ ಡಬ್ಬಿಯ ಮೇಲಿನ ಕಾಗದದ ಮೂಲೆ ಎಬ್ಬಿಸಿ ನೋಡಿದಾಗ ಮೊಹರಿನ ಅಂಚು ಕಂಡಿತು. ಇಂಥದ್ದು ಕಂಡರೆ ಮನುಷ್ಯರಾದವರು ಒಂದು ಕ್ಷಣ ನಗುತ್ತಾರೆ, ಆಮೇಲೆ ‘ಅಯ್ಯೋ ಪಾಪ’ ಎಂದು ಇನ್ನೊಂದು ಪ್ರತಿ ಕೊಡುತ್ತಾರೆ. ತಾವು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಿರಿ. ದಾಖಲೆಯ ವಿರೂಪ, ದುರುದ್ದೇಶದಿಂದ ಮರೆಮಾಚಿದ್ದು, ಅನಧಿಕೃತ ಸಂಗ್ರಹ. ಸಂಘ ಎರಡು ಸೆಮಿಸ್ಟರ್ ಅಮಾನತು, ಕಾರ್ಯದರ್ಶಿ ವಿಚಾರಣೆಗೆ ಹಾಜರಾಗತಕ್ಕದ್ದು.

ವಿಚಾರಣೆಯ ದಿನ ನನ್ನನ್ನು ಸಾಕ್ಷಿಯೆಂದು ಕರೆಸಿದ್ದಿರಿ. ತಮಗೆ ನೆನಪಿರಲಾರದು, ದಿನಕ್ಕೆ ಎಷ್ಟೋ ಜನ ಬರುತ್ತಾರೆ. ಮೊದಲ ಮಹಡಿ, ಉದ್ದನೆಯ ಮೇಜು, ತಾವು ಅದರ ತುದಿಯಲ್ಲಿ, ಪಕ್ಕದಲ್ಲಿ ಸೂಪರಿಂಟೆಂಡೆಂಟರು. ಹುಡುಗಿಗೆ ಓದಿ ಹೇಳಲೆಂದು ಗೆಳತಿಯೊಬ್ಬಳು ಜೊತೆಗೆ ಬಂದಿದ್ದಳು. ಆ ಗೆಳತಿಯನ್ನು ನಾವೆಲ್ಲ ರೇಡಿಯೋ ಎನ್ನುತ್ತೇವೆ, ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಸೂಪರಿಂಟೆಂಡೆಂಟರು ಅವಳನ್ನು ಬಾಗಿಲಲ್ಲೇ ತಡೆದರು.

“ಓದಿ ಹೇಳೋದು ಸಂಘದ ಚಟುವಟಿಕೆ ಕಣಮ್ಮ. ಸಂಘ ಅಮಾನತಲ್ಲಿದೆ. ಹೊರಗಡೆ ನಿಂತ್ಕೋ.”

“ಸರ್, ಮತ್ತೆ ಅವಳಿಗೆ ಯಾರು ಓದ್ತಾರೆ?”

“ಓದೋಕೆ ಏನಿದೆ ಇಲ್ಲಿ? ಬರೀ ಸಹಿ.”

ಬಾಗಿಲು ಮುಚ್ಚಿತು. ಹುಡುಗಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ತಾವು ಗಡಿಯಾರ ನೋಡುತ್ತಿದ್ದಿರಿ. ಆಮೇಲೆ ಸೂಪರಿಂಟೆಂಡೆಂಟರು ಒಂದು ಕಾಗದವನ್ನು ಅವಳ ಮುಂದೆ ಸರಿಸಿದರು. “ಇದರಲ್ಲಿ ಏನಿದೆ ಸರ್?” ಎಂದು ಕೇಳಿದಳು. “ಹಾಜರಿದ್ದೆ ಅಂತ, ಅಷ್ಟೇ,” ಎಂದರು ಸೂಪರಿಂಟೆಂಡೆಂಟರು. ಅವಳು ನನ್ನ ಕಡೆ ಮುಖ ತಿರುಗಿಸಿದಳು.

“ಮಾಮ, ಸ್ವಲ್ಪ ಓದ್ತೀರಾ?”

ಇಲ್ಲಿಯವರೆಗೆ ನಿಮ್ಮ ತಪ್ಪು ಹೇಳಿದೆ. ಇನ್ನು ನನ್ನದು. ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದೆ, ಮುಚ್ಚಳ ತೆರೆದೆ. ಸೂಪರಿಂಟೆಂಡೆಂಟರು ನನ್ನನ್ನೇ ನೋಡುತ್ತ, “ನಿಮ್ಮ ನಿವೃತ್ತಿ ಯಾವಾಗ ಬೈಂಡರೇ? ಏಳು ತಿಂಗಳಾ?” ಎಂದರು. ಅಷ್ಟೇ ಕೇಳಿದ್ದು. ನಾನು ಮುಚ್ಚಳ ಹಾಕಿ ಡಬ್ಬಿಯನ್ನು ಜೇಬಿಗೆ ಇಳಿಸಿದೆ. ಹಾಜರಿ ಹಾಕಲು ಅಷ್ಟೊಂದು ಸಾಲು ಬೇಕಾಗುವುದಿಲ್ಲ ಎಂಬುದು ಕನ್ನಡಕವಿಲ್ಲದೆಯೂ ಕಾಣುತ್ತಿತ್ತು. ಆದರೂ, “ಕನ್ನಡಕ ತಂದಿಲ್ಲ ತಾಯಿ. ಸಹಿ ತಾನೆ, ಹಾಕು,” ಎಂದೆ. ಅವಳು ಸಹಿ ಹಾಕುವಾಗ ಎಡಗೈಯ ತೋರುಬೆರಳನ್ನು ಗೆರೆಯ ಮೇಲಿಟ್ಟು, ಅದರ ಆಸರೆಯಲ್ಲಿ ಪೆನ್ನು ಓಡಿಸುತ್ತಾಳೆ. ಆ ಬೆರಳನ್ನು ಹಿಡಿದು ಗೆರೆಯ ಮೇಲೆ ಇಟ್ಟವನು ನಾನು.

ಕಾಗದದಲ್ಲಿ ಏನಿತ್ತು ಎಂದು ಗೊತ್ತಾದದ್ದು ಹನ್ನೊಂದು ದಿನದ ಮೇಲೆ, ವಿದ್ಯಾರ್ಥಿವೇತನ ನಿಲ್ಲಿಸಿದ ಆದೇಶ ಬಂದಾಗ: ‘ಅನುಮತಿ ಪತ್ರವನ್ನು ಉದ್ದೇಶಪೂರ್ವಕವಾಗಿ ನಾಶಪಡಿಸಿ ಹಣ ಸಂಗ್ರಹಿಸಿದ್ದನ್ನು ಒಪ್ಪಿಕೊಂಡಿರುತ್ತೇನೆ.’ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಕನ್ನಡಕ ಮರೆತಿದ್ದೆ ಎಂದು ಅವಳಿಗೂ ಸುಳ್ಳೇ ಹೇಳಿದೆ. “ಕನ್ನಡಕ ಮರೆತ್ರಿ ಸರಿ. ಬಾಯಿಗೇನು ಬೀಗ ಬಿದ್ದಿತ್ತಾ? ಓದದೆ ಹಾಕಬೇಡ ಅನ್ನೋಕೂ ಕನ್ನಡಕ ಬೇಕಾ?” ಎಂದಳು. ಆ ದಿನದಿಂದ ಅವಳು ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ಮಾಡಲಿ, ನಾನು ಅದಕ್ಕೆ ತಕ್ಕವನೇ.

ಹುಡುಗಿ ಈಗ ಅಕ್ಕನ ಮನೆಯಲ್ಲಿದ್ದಾಳೆ. ಎರಡು ಕೋಣೆಯ ಮನೆ, ಅಕ್ಕನಿಗೆ ಎರಡು ಚಿಕ್ಕ ಮಕ್ಕಳು. ಭಾವ ಬಾಯಿ ಬಿಟ್ಟು ಏನೂ ಅನ್ನುವುದಿಲ್ಲವಂತೆ, ಆದರೆ ದಿನಾ ‘ಪರೀಕ್ಷೆ ಯಾವಾಗ?’ ಎಂದು ಕೇಳುತ್ತಾನಂತೆ. ಮೊನ್ನೆ ಈ ಪತ್ರವನ್ನು ಇಲ್ಲಿಯವರೆಗೆ ಬರೆದು, ಫೋನಿನಲ್ಲಿ ಅವಳಿಗೆ ಪೂರ್ತಿ ಓದಿದೆ. ಈ ಸಲ ಓದದೆ ಬಿಟ್ಟರೆ ನನಗೆ ನರಕದಲ್ಲೂ ಜಾಗ ಸಿಗುವುದಿಲ್ಲ. ಕನ್ನಡಕದ ಭಾಗವನ್ನೂ ಬಿಡದೆ ಓದಿದೆ. ಅವಳೇ ಮಾತಾಡಿದಳು.

“ಅದು ನಂಗೊತ್ತಿತ್ತು ಮಾಮ. ಮುಚ್ಚಳ ತೆಗೆದದ್ದೂ ಕೇಳಿಸ್ತು, ಹಾಕಿದ್ದೂ ಕೇಳಿಸ್ತು.”

“ಗೊತ್ತಿದ್ದೂ ಯಾಕಮ್ಮ ಸಹಿ ಹಾಕಿದೆ?”

“ನಿಮಗೇ ಅಷ್ಟು ಹೆದರಿಕೆ ಆಗಿದೆ ಅಂದ್ರೆ, ಆ ರೂಮಲ್ಲಿ ನಂಗೋಸ್ಕರ ಯಾರೂ ಇಲ್ಲ ಅಂತ ಗೊತ್ತಾಯ್ತು. ಇನ್ನೇನು ಮಾಡ್ಲಿ?”

ಮಾನ್ಯರೇ, ಆ ಮಾತು ಕೇಳಿದ ಮೇಲೆ ನನಗೆ ನಿದ್ದೆಯೂ ಇಲ್ಲ, ಪಿಂಚಣಿಯ ಚಿಂತೆಯೂ ಇಲ್ಲ. ಏಳು ತಿಂಗಳಲ್ಲಿ ಎರಡು ಆಗಲೇ ಕಳೆದಿದೆ. ಉಳಿದದ್ದನ್ನು ಏನು ಬೇಕಾದರೂ ಮಾಡಿಕೊಳ್ಳಿ. ನನ್ನ ಬೇಡಿಕೆ ಇಷ್ಟೇ. ಸೋಮವಾರ ಸಂಜೆಯೊಳಗೆ ಅವಳ ಹೆಸರು ಪರೀಕ್ಷಾ ನೋಂದಣಿಯಲ್ಲಿ ಇರಬೇಕು, ವಿದ್ಯಾರ್ಥಿವೇತನ ಮರಳಬೇಕು, ಸಂಘದ ಅಮಾನತು ಹೋಗಬೇಕು. ಅಲಮಾರಿಯಲ್ಲಿರುವ ಡಬ್ಬಿಯ ದುಡ್ಡನ್ನು, ಕೊಟ್ಟವರ ಉದ್ದೇಶದಂತೆ, ಪ್ರಿಂಟರ್ ದುರಸ್ತಿಗೆ ಬಿಟ್ಟುಕೊಡಿ. ಇನ್ನು ಮುಂದೆ ಕಣ್ಣು ಕಾಣದವರ ಮುಂದೆ ಯಾವ ಕಾಗದ ಸರಿಸಿದರೂ ಅವರೇ ಆರಿಸಿದವರು ಅದನ್ನು ಗಟ್ಟಿಯಾಗಿ ಓದಬೇಕು ಎಂದು ನಿಯಮಾವಳಿಗೆ ಅರವತ್ತೆರಡನೆಯ ಪುಟ ಸೇರಿಸಿ. ಹೊಲಿಗೆ ನಾನು ಪುಕ್ಕಟೆ ಹಾಕಿಕೊಡುತ್ತೇನೆ.

ಕಡತದಲ್ಲಿ ಒಂದು ತಪ್ಪೊಪ್ಪಿಗೆ ಇರಲೇಬೇಕು, ಇಲ್ಲದಿದ್ದರೆ ಕಡತ ಮುಚ್ಚುವುದಿಲ್ಲ ಎನ್ನುವುದಾದರೆ, ಅವಳದ್ದನ್ನು ಹರಿದು ಆ ಜಾಗದಲ್ಲಿ ಈ ಪತ್ರ ಇಡಿ. ಇದಕ್ಕೆ ಸಹಿ ಹಾಕುತ್ತಿರುವವನು ಪ್ರತಿ ಸಾಲನ್ನೂ ಓದಿಯೇ ಹಾಕುತ್ತಿದ್ದಾನೆ.

ಇಂತಿ,
ಗೊತ್ತಿದ್ದೂ ಅವಳ ಬೆರಳನ್ನು ಆ ಗೆರೆಯ ಮೇಲೆ ಇಟ್ಟವನು,
ಗ್ರಂಥಾಲಯದ ಬೈಂಡರ್