ಮಹಡಿಯ ಬಳ್ಳಿ ಹೂಬಿಟ್ಟ ವಾರ

ಮನೆ, ಮೇ ೧೪
ಬುಧವಾರ, ಬೆಳಗಿನ ಹೊತ್ತು

ಗುಡ್ಡ ಹತ್ತುವ ನನ್ನ ಸೊಸೆಗೆ, ಮೆಟ್ಟಿಲು ಹತ್ತುವುದಕ್ಕೇ ಏದುಸಿರು ಬಿಡುವ ಅತ್ತೆಯ ತುಂಬು ಆಶೀರ್ವಾದ.

ಹೇಗಿದ್ದೀಯಮ್ಮಾ? ಮೊಣಕಾಲು ಹೇಗಿದೆ? ಹೋದ ಸಲ ಜಿಗಣೆ ಕಚ್ಚಿದ ಕಡೆಯೆಲ್ಲ ಕೆರೆದು ಕೆರೆದು ಗಾಯ ಮಾಡಿಕೊಂಡು ಬಂದಿದ್ದೆ. ಈ ಸಲ ಉಗುರು ಕತ್ತರಿಸಿಕೊಂಡಿದ್ದೀಯ ತಾನೆ? ನಿಮ್ಮ ಬಿಡಾರಕ್ಕೆ ಸಾಮಾನು ಒಯ್ಯುವ ಲಾರಿ ಇವತ್ತು ಹನ್ನೊಂದಕ್ಕೆ ಹೊರಡುತ್ತದಂತೆ. ಅಲ್ಲಿ ಫೋನು ಸಿಗುವುದಿಲ್ಲವಲ್ಲ, ಅದಕ್ಕೇ ಈ ಕಾಗದವನ್ನೂ ಎರಡು ಜೊತೆ ಉಣ್ಣೆಯ ಕಾಲುಚೀಲವನ್ನೂ ಡ್ರೈವರ್ ಕೈಗೆ ಕೊಡುತ್ತಿದ್ದೇನೆ. ಕಾಲುಚೀಲ ಕಾಲಿಗೆ ಹಾಕಿಕೊಳ್ಳುವುದಕ್ಕೆ. ಹೋದ ಸಲ ಕಳಿಸಿದ್ದರಲ್ಲಿ ಎಲೆ ತುಂಬಿಕೊಂಡು ಬಂದಿದ್ದನ್ನು ನಾನಿನ್ನೂ ಮರೆತಿಲ್ಲ. ನಾವಿಲ್ಲಿ ಆರಾಮ. ನಿನ್ನ ಗಂಡ ಊರಿನವರ ಗಡಿಯಾರವನ್ನೆಲ್ಲ ರಿಪೇರಿ ಮಾಡಿ ಸರಿಯಾದ ಸಮಯ ತೋರಿಸುವ ಹಾಗೆ ಮಾಡುತ್ತಾನೆ, ತಾನು ಮಾತ್ರ ಅಂಗಡಿಗೆ ದಿನಾ ಅರ್ಧ ಗಂಟೆ ತಡ. ನೀನು ಇಲ್ಲದಿದ್ದರೆ ಅವನನ್ನು ಎಬ್ಬಿಸುವುದು ನನ್ನಿಂದಾಗದ ಕೆಲಸ.

ಈಗ ಸುದ್ದಿ. ನಿಂತಿದ್ದರೆ ಕೂತುಕೊಂಡು ಓದು. ಮಹಡಿಯ ಕಿವಿಹಣ್ಣಿನ ಬಳ್ಳಿ ಹೂಬಿಟ್ಟಿದೆ.

ನೀನು ಮಾಡಿದ ಪಾಠ ಈ ಮುದುಕಿಯ ತಲೆಗೆ ಹತ್ತಿಲ್ಲ ಎಂದುಕೊಳ್ಳಬೇಡ, ಒಪ್ಪಿಸುತ್ತೇನೆ ಕೇಳು. ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಕಿವಿಹಣ್ಣೆಲ್ಲ ಹೆಚ್ಚುಕಡಿಮೆ ಒಂದೇ ಮನೆಯ ಮಕ್ಕಳು. ಒಬ್ಬರಿಗೆ ರೋಗ ಬಂದರೆ ಎಲ್ಲರೂ ಹಾಸಿಗೆ ಹಿಡಿಯುತ್ತಾರೆ. ಕಾಡಿನವು ಹಾಗಲ್ಲ, ಒಂದೊಂದು ಗುಡ್ಡದ ಬಳ್ಳಿಗೆ ಒಂದೊಂದು ಗುಣ. ಎಷ್ಟೋ ಸಾವಿರ ವರ್ಷಗಳ ಹಿಂದೆ ಚಳಿ ಮಿತಿಮೀರಿದಾಗ ಅವು ಬೆಚ್ಚನೆಯ ಕಣಿವೆಗಳಲ್ಲಿ ಅಡಗಿ ಬದುಕಿಕೊಂಡವು. ಚಳಿ ಹೋದ ಮೇಲೆ ಹೊರಗೆ ಬಂದು ಕಂಡಕಂಡವರ ಜೊತೆ ನೆಂಟಸ್ತನ ಬೆಳೆಸಿದವು. ಯಾರು ಯಾರ ಮೊಮ್ಮಕ್ಕಳು ಎನ್ನುವುದು ಗೊತ್ತಾಗದೆ ನೀವು ಎಲೆ ಅರೆದು ಅರೆದು ನೋಡುತ್ತಿದ್ದೀರಿ. ಕಲ್ಲುಕ್ವಾರಿ ನುಂಗಿಹಾಕಿದ ಆ ಗುಡ್ಡದ ಬಳ್ಳಿಗಳ ಎಲೆಯಲ್ಲಿರುವ ಹಸಿರು ಬಹಳ ಹಳೆಯ ಮನೆತನದ್ದು, ಬೇರೆಲ್ಲೂ ಇಲ್ಲ. ಈ ಜಾತಿಯಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಆ ಹಸಿರು ಮಕ್ಕಳಿಗೆ ಬರುವುದು ಅಪ್ಪನಿಂದ. ನಿಮ್ಮ ಸಂಶೋಧನಾ ತೋಟದಲ್ಲಿ ಆ ಗುಡ್ಡದ ಬಳ್ಳಿ ಒಂದಿದೆ, ಅದು ಹೆಣ್ಣು. ಅದಕ್ಕೆ ಬೇರೆ ಗುಡ್ಡದ ವರನನ್ನು ತಂದರೆ ಕಾಯೇನೋ ಕಚ್ಚುತ್ತದೆ, ಹಸಿರು ಮಾತ್ರ ಅಳಿಯನ ಕಡೆಯದು. ಆ ಗುಡ್ಡದ್ದೇ ಒಂದು ಗಂಡು ಸಿಗದೆ ಹೋದರೆ ಅಷ್ಟು ಹಳೆಯ ಹಸಿರು ನಮ್ಮ ಕಾಲಕ್ಕೆ ಮುಗಿಯಿತು. ನೀನು ತಂದು ನೆಟ್ಟ ನಮ್ಮ ಮಹಡಿಯ ಬಳ್ಳಿಯೂ ಆ ಗುಡ್ಡದ್ದೇ, ಹೂ ಬಿಡುವ ತನಕ ಅದು ಗಂಡೋ ಹೆಣ್ಣೋ ತಿಳಿಯುವ ಹಾಗಿರಲಿಲ್ಲ. ಸರಿಯಾಗಿ ಹೇಳಿದೆನೆ? ಅಪ್ಪನಿಂದ ಬರುವುದರ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟು ನಂಬಿಕೆಯಿಲ್ಲ. ನಮ್ಮ ಮನೆಯಲ್ಲಿ ಅಪ್ಪನಿಂದ ಮಗನಿಗೆ ಬಂದದ್ದು ಗೊರಕೆಯೊಂದೇ. ಇರಲಿ. ಕ್ವಾರಿಯ ಹಿಂಬದಿಯಲ್ಲಿ ಎಲ್ಲಾದರೂ ಒಂದು ಗಂಡು ಉಳಿದಿದೆಯೋ ಎಂದು ನೀನು ಮೂರನೆಯ ಸಲ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ನಾನು ಏನೋ ಹೇಳುವುದಕ್ಕೆ ಹೋಗಿ, ಕೊನೆಗೆ ನೀರಿನ ಬಾಟಲಿ ತಗೊಂಡ್ಯಾ ಎಂದು ಕೇಳಿ ಸುಮ್ಮನಾದೆ. ನಿನಗೆ ನೆನಪಿರಲಿಕ್ಕಿಲ್ಲ.

ಭಾನುವಾರ ಬಟ್ಟೆ ಒಣಹಾಕಲು ಮೇಲೆ ಹೋದರೆ ಎಲೆಯ ಮರೆಯಲ್ಲಿ ಬಿಳಿಯ ಹೂ, ಒಟ್ಟು ಒಂಬತ್ತು. ಮೂರು ಸಲ ಎಣಿಸಿದೆ. ಬುಡದಲ್ಲಿ ಆಗಲೇ ಎರಡು ಬೆಕ್ಕು ಅಮಲೇರಿದವರ ಹಾಗೆ ಹೊರಳಾಡುತ್ತಿದ್ದವು. ಈ ಬಳ್ಳಿಯ ವಾಸನೆಗೆ ಬೆಕ್ಕಿಗೆ ತಲೆ ಕೆಡುತ್ತದೆ ಎಂದು ನೀನು ಹೇಳಿದಾಗ ನಾನು ನಕ್ಕಿದ್ದೆ, ಈಗ ಪೊರಕೆ ಹಿಡಿದು ಪಾಳಿ ಮಾಡುತ್ತಿದ್ದೇನೆ. ನಿನ್ನ ಗಂಡನನ್ನು ಕೂಗಿದೆ. ಅವನು ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ಬಂದು ಹೂವನ್ನು ಹತ್ತು ನಿಮಿಷ ನೋಡಿ, ಇದರಲ್ಲಿ ಬಿಡಿಭಾಗ ಬಹಳ ಇದೆ ಎಂದ. ಅಷ್ಟೇ ಅವನ ಸಂಶೋಧನೆ. ನಾನು ಅವನನ್ನು ಪಕ್ಕಕ್ಕೆ ಸರಿಸಿ ನೋಡಿದೆ. ಹೆರಿಗೆ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳಮ್ಮಾ ನಾನು. ಹೆಣ್ಣೋ ಗಂಡೋ ಎಂದು ಹೇಳುವುದಕ್ಕೆ ನನಗೆ ಭೂತಗನ್ನಡಿ ಬೇಕೆ? ಬೆರಳು ಮುಟ್ಟಿಸಿದರೆ ಹಳದಿ ಪುಡಿ ಮೆತ್ತಿಕೊಂಡಿತು. ಗಂಡು ಎಂದೆ. ಅಮ್ಮಾ, ಇದೇನು ಮನುಷ್ಯರ ಮಗುನಾ, ಸ್ವಲ್ಪ ತಡಿ ಎಂದು ಅವನು ಹೇಳುತ್ತಲೇ ಇದ್ದ. ನಾನು ಅಷ್ಟರಲ್ಲಿ ಪಕ್ಕದ ಮನೆಯಾಕೆಗೆ, ಎದುರು ಮನೆ ಟೈಲರ್‌ಗೆ, ಹಾಲಿನವಳಿಗೆ ಎಲ್ಲರಿಗೂ ಗಂಡು ಗಂಡು ಎಂದು ಹೇಳಿಯಾಗಿತ್ತು. ಹಾಲಿನವಳು ನಿನಗೇ ಮಗುವಾಯಿತೆಂದು ತಿಳಿದು, ಹೊಟ್ಟೆ ಕಂಡೇ ಇರಲಿಲ್ಲವಲ್ಲ ಎಂದಳು. ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಸೋಮವಾರ ಪುಡಿಯನ್ನು ಮಾತ್ರೆಯ ಖಾಲಿ ಬಾಟಲಿಗೆ ಉದುರಿಸಿಕೊಂಡು, ಒಂದು ಹೂವನ್ನೂ ಕಿತ್ತುಕೊಂಡು, ಎರಡು ಬಸ್ ಬದಲಾಯಿಸಿ ನಿಮ್ಮ ತೋಟಕ್ಕೆ ಹೋದೆ. ನೀನು ಗೊಣಗಪ್ಪ ಎಂದು ಹೆಸರಿಟ್ಟಿದ್ದೀಯಲ್ಲ, ಆ ಮೇಲ್ವಿಚಾರಕರು ಇದ್ದರು. ರಜೆಯಿಲ್ಲ, ಜನ ಇಲ್ಲ, ಪೈಪಿನಲ್ಲಿ ನೀರಿಲ್ಲ ಎಂದೆಲ್ಲ ಗೊಣಗಿಕೊಂಡೇ ನನ್ನ ಪುಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಬಹಳ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ನನಗೆ ಕುರ್ಚಿ ಎಳೆದುಕೊಟ್ಟರು, ಆಗಲೇ ನನಗೆ ಅರ್ಥವಾಯಿತು. ವಾರ್ಡಿನಲ್ಲಿ ಕೆಟ್ಟ ಸುದ್ದಿ ಹೇಳುವ ಮುಂಚೆ ನಾನೂ ಹೀಗೇ ಕುರ್ಚಿ ಎಳೆದುಕೊಡುತ್ತಿದ್ದೆ. ಇದು ಹೆಣ್ಣು ಅಮ್ಮಾ ಎಂದರು. ಪುಡಿ ಇದೆ, ಆದ್ರೆ ಬರೀ ಸಿಪ್ಪೆ, ಒಳಗೆ ಜೀವ ಇಲ್ಲ, ಹೆಣ್ಣು ಹೂವಿಗೂ ತೋರಿಕೆಗೆ ಹೀಗೆ ಇರುತ್ತೆ, ನಡುವೆ ಈ ಬಿಳಿ ನಕ್ಷತ್ರ ಇದೆ ನೋಡಿ, ಅದನ್ನ ನೋಡ್ಬೇಕಿತ್ತು ಎಂದರು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ತಪ್ಪದವಳು ಒಂದು ಬಳ್ಳಿಯ ಕೈಯಲ್ಲಿ ಮೋಸಹೋದೆ. ಅವಮಾನ ಹಾಗಿರಲಿ. ತೋಟದ್ದೂ ಹೆಣ್ಣು, ನಮ್ಮದೂ ಹೆಣ್ಣು, ಎರಡೂ ಒಂದೇ ವಾರ ಹೂಬಿಟ್ಟು ಕಾಯುತ್ತಿವೆ. ಹೂ ಬಾಳುವುದು ನಾಲ್ಕೈದು ದಿನ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತುಬಿಟ್ಟೆ ಕಣಮ್ಮಾ, ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮನೆಯಲ್ಲಿ ಯಾರಾದರೂ ಹೋದರೇ ಎಂದು ಕೇಳಿದಳು. ಹೋಗುವ ಹಾಗಿದ್ದಾರೆ ಎಂದೆ.

ಹೊಟ್ಟೆ ತುಂಬ ಉಣ್ಣು. ಒದ್ದೆ ಕೂದಲು ಕಟ್ಟಿಕೊಂಡು ಮಲಗಬೇಡ. ನಿನ್ನ ಜೊತೆಗಿರುವವರಿಗೆಲ್ಲ ನಾನು ಕೇಳಿದೆನೆಂದು ಹೇಳು. ಎಲ್ಲಿ ಕಾಲಿಟ್ಟರೂ ಜಾರದಿರಲಿ, ಕೈ ಹಾಕಿದ ಕೆಲಸ ಹೂ ಎತ್ತಿದಷ್ಟು ಸಲೀಸಾಗಲಿ.

ಇಂತಿ,
ಒಂದೇ ಒಂದು ಸಲ ತಪ್ಪಿದ
ನಿನ್ನ ಅತ್ತೆ

ತಾ. ಕ.: ಲಾರಿ ಬಂದು ಬೀದಿಯಲ್ಲಿ ಹಾರ್ನ್ ಹೊಡೆಯುತ್ತಿದೆ. ಬರೆಯಬೇಕಾದ್ದನ್ನು ಇನ್ನೂ ಬರೆದೇ ಇಲ್ಲ. ಆರು ವರ್ಷದ ಹಿಂದೆ ನೀನು ಆ ಗುಡ್ಡದಿಂದ ತಂದದ್ದು ಒಂದಲ್ಲ, ಎರಡು ಸಸಿ. ಎರಡನೆಯದು ಒಣಗಿಹೋಯಿತು ಎಂದು ನಾನು ಹೇಳಿದ್ದೆನಲ್ಲ, ಅದು ಒಣಗಿರಲಿಲ್ಲ. ನೀನು ಹದಿನೈದು ದಿನ ಸಮ್ಮೇಳನಕ್ಕೆ ಹೋಗಿದ್ದಾಗ ಅದು ಬಟ್ಟೆ ಹಗ್ಗಕ್ಕೆ ಸುತ್ತಿಕೊಂಡು ನನ್ನ ಎರಡು ಬೆಡ್‌ಶೀಟ್ ಹಾಳುಮಾಡಿತು. ಸಿಟ್ಟಿಗೆ, ನೆರಳಿಗೊಂದು ಗಿಡ ಬೇಕು ಎನ್ನುತ್ತಿದ್ದ ಕ್ಷೌರದಂಗಡಿಯವನಿಗೆ ಕೊಟ್ಟುಬಿಟ್ಟೆ. ನೀನು ಬಂದು ಕೇಳಿದಾಗ ನಿನ್ನ ಮುಖ ನೋಡಿ ಬಾಯಿಗೆ ಸುಳ್ಳು ಬಂತು. ಮುಂದಿನ ವಾರ ವಾಪಸು ತಂದಿಡೋಣ ಎಂದುಕೊಂಡೆ. ಅಷ್ಟರಲ್ಲಿ ನೀನು ಒಂದು ಸಸಿ ಸತ್ತಿದೆ ಎಂದು ನಿಮ್ಮ ಸಂಶೋಧನಾ ಪತ್ರಿಕೆಗೆ ಬರೆದು ಕಳಿಸಿಬಿಟ್ಟಿದ್ದೆ, ಅದು ಅಚ್ಚೂ ಆಯಿತು. ಅಚ್ಚಿನಲ್ಲಿ ಸತ್ತದ್ದನ್ನು ನಾನು ಹೇಗೆ ಬದುಕಿಸಲಿ? ಸೋಮವಾರ ಬಸ್ಸಿಳಿದವಳೇ ಅವನ ಹಿತ್ತಲಿಗೆ ಹೋದೆ. ಅಂಗಡಿಯ ತಗಡಿನ ಮಾಡು ಕಾಣದ ಹಾಗೆ ಹಬ್ಬಿದೆ, ಮೈತುಂಬ ಹೂ. ಎರಡು ವರ್ಷದಿಂದ ಹೂ ಬಿಡ್ತಿದೆ, ಒಂದು ಕಾಯಿಲ್ಲ, ಬರೋ ಭಾನುವಾರ ಕಡಿದು ಹಾಕ್ತೀನಿ ಎಂದ. ಅವನ ಕೈಯಿಂದ ಕತ್ತಿ ಕಿತ್ತುಕೊಂಡು ಬಂದಿದ್ದೇನೆ, ನಮ್ಮ ಅಡುಗೆಮನೆಯಲ್ಲೇ ಇದೆ. ಈ ಸಲ ನಾನಾಗಿ ಏನೂ ಹೇಳಲಿಲ್ಲ, ಮರುದಿನ ಬೆಳಿಗ್ಗೆಯೇ ನಾಲ್ಕು ಹೂವನ್ನು ಗೊಣಗಪ್ಪನವರ ಮುಂದಿಟ್ಟೆ. ಅವರು ನೋಡಿದರು, ಗಂಡು ಎಂದರು, ಆಮೇಲೆ ಗೊಣಗುವುದನ್ನೇ ಮರೆತರು. ನಿನ್ನೆ ಸಂಜೆಯೊಳಗೆ ಅವರು ತೋಟದಲ್ಲಿ ಏಣಿಯ ಮೇಲೆ, ನಾನು ಇಲ್ಲಿ ಸ್ಟೂಲಿನ ಮೇಲೆ, ಬ್ರಷ್ಷಿನಲ್ಲಿ ಪುಡಿ ಹಚ್ಚಿದ್ದೇವೆ. ಕಾಯಿ ಕಚ್ಚಿತೋ ಇಲ್ಲವೋ ಎರಡು ವಾರದಲ್ಲಿ ತಿಳಿಯುತ್ತದಂತೆ. ನಿನ್ನ ಗಂಡ ಆರು ವರ್ಷ ಪ್ರತಿ ತಿಂಗಳೂ ಅದರ ಕೆಳಗೇ ಕೂತು ಕೂದಲು ಕತ್ತರಿಸಿಕೊಂಡಿದ್ದಾನೆ. ತಲೆಯ ಮೇಲೆ ಏನಿತ್ತೋ ಎಂದರೆ ನೆರಳು ಎನ್ನುತ್ತಾನೆ. ಅವನನ್ನು ಬೈಯಬೇಡ, ಅದು ಗಂಡೆಂದು ನನಗೂ ಗೊತ್ತಿರಲಿಲ್ಲ. ಬದುಕಿದೆ ಎಂದು ಮಾತ್ರ ಗೊತ್ತಿತ್ತು, ಗೊತ್ತಿದ್ದೂ ನಿನ್ನನ್ನು ಮೂರು ಸಲ ಆ ಜಿಗಣೆಗಳ ನಡುವೆ ಹುಡುಕಲು ಬಿಟ್ಟೆ. ಇದೇ ಲಾರಿಯಲ್ಲಿ ಹೊರಟು ಬಾ. ದಾರಿ ಎರಡು ದಿನದ್ದು, ಏನೇನು ಬೈಯಬೇಕೋ ಎಲ್ಲ ಯೋಚಿಸಿಕೊಂಡು ಬಾ. ಬೈದು ಮುಗಿದ ಮೇಲೆ ಮೊದಲಿನ ಹಾಗೇ ಅತ್ತೇ ಎಂದು ಕರೆದರೆ ನನಗಷ್ಟೇ ಸಾಕು.