ಆಷಾಢದಲ್ಲೇ ಕಾರು ತಗೋತೀನಿ

ಜೂನ್ 20, ಶುಕ್ರವಾರ

ಮತ್ತೆ ನೆನೆದೆ. ಉತ್ತರಹಳ್ಳಿಯಿಂದ ಜಯನಗರದ ಆಫೀಸಿಗೆ ಹೊರಟರೆ ಬನಶಂಕರಿ ದಾಟುವಷ್ಟರಲ್ಲಿ ಒಂದು ಮಳೆ ಗ್ಯಾರಂಟಿ. ಬೈಕಿನವರೆಲ್ಲ ಮೆಟ್ರೊ ಕಂಬದ ಕೆಳಗೆ ಒತ್ತಿಕೊಂಡು ನಿಲ್ಲುತ್ತಾರೆ. ನನ್ನ ಸ್ಕೂಟರಿಗೆ ಹಿಂದೆ ಎರಡು ಸೈಡ್ ವೀಲು, ಆ ಸಂದಿಯಲ್ಲಿ ತೂರುವುದಿಲ್ಲ. ನೆನೆಯುತ್ತಲೇ ಹೋಗಬೇಕು. ಮಧ್ಯಾಹ್ನದವರೆಗೂ ಎರಡು ಕಾಲಿಗೂ ಕಟ್ಟುವ ಕಬ್ಬಿಣದ ಕ್ಯಾಲಿಪರ್‌ನ ಪಟ್ಟಿ ಒದ್ದೆ. ತೊಗಲು ಉಜ್ಜಿ ಮಂಡಿ ಹತ್ತಿರ ಚರ್ಮ ಎದ್ದಿದೆ.

ಸಾಕು. ಕಾರು ತಗೊಳ್ಳುತ್ತೇನೆ. ಲೈಸೆನ್ಸ್ ಇದೆ. ಆಫೀಸಿನ ದೇವದಾಸ್‌ಗೂ ನನ್ನ ಹಾಗೇ ಪೋಲಿಯೊ. ತನ್ನ ಕಾರಿನಲ್ಲಿ ಅಂಜನಾಪುರದ ಖಾಲಿ ರಸ್ತೆಗಳಲ್ಲಿ ಭಾನುವಾರ ಭಾನುವಾರ ಕಲಿಸಿದ. ಸ್ಟೀರಿಂಗ್ ಪಕ್ಕ ಒಂದು ಸರಳು. ತಳ್ಳಿದರೆ ಬ್ರೇಕು, ಎಳೆದರೆ ಓಟ. ಕಾಲಿನ ಕೆಲಸವೇ ಇಲ್ಲ. ಆಟೊಮ್ಯಾಟಿಕ್ ಗಾಡಿ ಯಾವುದಾದರೂ ಸರಿ, ಆ ಸರಳು ಹಾಕಿಸಬಹುದು.

ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಅಪ್ಪನಿಗೆ ಖುಷಿ.

"ತಗೊಳವ್ವ, ಯಾರ್ ಬ್ಯಾಡ ಅಂದ್ರು? ಎತ್ತರದ್ದು ತಗೊ. ರೋಡಲ್ಲಿ ಹೋದ್ರೆ ಗತ್ತಾಗಿರ್ಬೇಕು. ಚಿಕ್ಕಬೈರಪ್ಪನ ಮನೆ ಗಾಡಿ ಅನ್ಬೇಕು ಜನ. ಆಷಾಢ ಒಂದು ಕಳೀಲಿ, ಶ್ರಾವಣದಾಗೆ ತರುವ. ದಿನೇಶ ಓಡುಸ್ತಾನೆ."

"ಓಡ್ಸೋದು ನಾನು, ಅಪ್ಪ."

ನಕ್ಕ. ಪ್ರೀತಿಯಿಂದಲೇ ನಕ್ಕ, ಮಗು ಚಂದ್ರನ ಕೇಳಿದರೆ ನಗುವ ಹಾಗೆ. ತಮ್ಮ ದಿನೇಶ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಮೈಯೆಲ್ಲ ಉರಿಯಿತು ನನಗೆ.

ಜೂನ್ 28, ಶನಿವಾರ

ಮೊನ್ನೆಯಿಂದ ಆಷಾಢ. ಶೋರೂಂಗಳು ಭಣಭಣ. ಅದಕ್ಕೇ ಹೊರಟೆ. ಯಾರೂ ಬರದ ತಿಂಗಳಲ್ಲಿ ನನ್ನ ಪಾಡಿಗೆ ನಾನು ಎಷ್ಟು ಹೊತ್ತು ಬೇಕಾದರೂ ಕೂತು ಏಳಬಹುದು, ಹಿಂದೆ ಕ್ಯೂ ಇಲ್ಲ, ಗುಂಪು ಕಟ್ಟಿಕೊಂಡು ನೋಡುವವರಿಲ್ಲ.

ಕಾರುಗಳ ಹೋಲಿಕೆ ಅಂದರೆ ಊರಿನವರಿಗೆಲ್ಲ ಒಂದೊಂದು ಲೆಕ್ಕ. ಆಫೀಸಿನ ವಿಮಲಾ ಮೇಡಂಗೆ ಮೈಲೇಜು. ಅವರ ಮಗನಿಗೆ ಸನ್‌ರೂಫು. ಮ್ಯಾನೇಜರಿಗೆ ಸೇಫ್ಟಿಗೆ ಎಷ್ಟು ಸ್ಟಾರು ಅನ್ನೋದು. ದಿನೇಶನಿಗೆ ಮಾರುವಾಗ ಎಷ್ಟು ಬರುತ್ತೆ ಅನ್ನೋದು - ತಗೊಳ್ಳುವ ಮೊದಲೇ ಮಾರುವ ಯೋಚನೆ. ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ನೋಡಿದೆ. ಹಿಂದಿನ ಸೀಟಿನಲ್ಲಿ ಮಂಡಿಗೂ ಮುಂದಿನ ಸೀಟಿಗೂ ಎಷ್ಟು ಬೆರಳು ಸಂದಿ ಅಂತೆಲ್ಲ ಹೇಳುತ್ತಾರೆ. ಡ್ರೈವರ್ ಬಾಗಿಲು ಎಷ್ಟು ಅಗಲ ತೆರೆಯುತ್ತೆ, ಸೀಟು ನೆಲದಿಂದ ಎಷ್ಟು ಎತ್ತರ - ಒಬ್ಬನೂ ಬಾಯಿ ಬಿಡುವುದಿಲ್ಲ.

ನನ್ನ ಪರೀಕ್ಷೆ ಬೇರೆ. ಬೆನ್ನು ಮಾಡಿ ಸೀಟಿಗೆ ಕೂರಬೇಕು. ಕ್ಯಾಲಿಪರ್‌ನ ಮಂಡಿ ಲಾಕ್ ತೆಗೆಯಬೇಕು. ಕಾಲು ಒಂದೊಂದಾಗಿ ಕೈಯಲ್ಲಿ ಎತ್ತಿ ಒಳಗಿಡಬೇಕು. ಎರಡು ಊರುಗೋಲೂ ಒಳಗೆ ಬರಬೇಕು. ಬಾಗಿಲು ನಾನೇ ಎಳೆದು ಹಾಕಬೇಕು. ಅಷ್ಟರಲ್ಲಿ ಯಾರ ಕೈಯೂ ನನ್ನ ಮೈ ಮುಟ್ಟಬಾರದು. ಪಾಸಾದ ಗಾಡಿ ನನ್ನದು.

ಬ್ರಾಂಡು ಬರೆಯುವುದಿಲ್ಲ, ಬಣ್ಣ ಸಾಕು.

ಕನಕಪುರ ರಸ್ತೆಯ ಬಿಳಿ. ಚೆಂದದ ಸೆಡಾನು. ಸೇಲ್ಸ್ ಹುಡುಗ ಕೈ ಮುಗಿದು ನೇರ ಜೊತೆಗೆ ಬಂದಿದ್ದ ದಿನೇಶನ ಹತ್ತಿರ ಹೋದ. "ಸಾರ್, ಇಂಜಿನ್ ಬಗ್ಗೆ ಹೇಳ್ಬೇಕಂದ್ರೆ..."

"ಈ ಕಡೆ ಹೇಳಿ. ಅವ್ನು ಡ್ರಾಪ್ ಮಾಡೋಕೆ ಬಂದಿರೋದು" ಅಂದೆ.

ಹುಡುಗ ತಬ್ಬಿಬ್ಬು. ಡಿಕ್ಕಿ ತೆಗೆದು ತೋರಿಸಿದ. "ಐನೂರು ಲೀಟರ್ ಮೇಡಂ!" ಲೀಟರ್ ಲೆಕ್ಕ ಯಾಕಪ್ಪ, ಹಾಲು ತುಂಬಿಸ್ತೀವಾ ಅಂತ ಕೇಳಿದೆ. ದಿನೇಶ ಕಿಸಕ್ಕನೆ ನಕ್ಕ. ಕೂತು ನೋಡಿದೆ. ಮೇಲ್ಛಾವಣಿ ಹಿಂದಕ್ಕೆ ಇಳಿಜಾರು, ತಲೆ ಟಣ್ ಅಂತ ಬಡಿಯಿತು. ಇನ್ನೊಂದು ಸಲ ಕೂತೆ, ಇನ್ನೊಂದು ಸಲ ಬಡಿಯಿತು. ಫೇಲ್.

ಜೂನ್ 29, ಭಾನುವಾರ

ನೀಲಿ - ಬಾಗಿಲ ಹೊಸ್ತಿಲು ದಪ್ಪ. ಕಾಲು ಎತ್ತಿ ದಾಟಿಸುವಷ್ಟರಲ್ಲಿ ಬೆವರು. ದಿನಾ ಎರಡು ಹೊತ್ತು ಇದು ಆಗದ ಮಾತು. ಫೇಲ್.

ಬನ್ನೇರುಘಟ್ಟ ರಸ್ತೆಯ ಕೆಂಪು. ಇದೂ ಸೆಡಾನು, ಆದರೆ ಛಾವಣಿ ಎತ್ತರ. ಸೇಲ್ಸಿನವನ ಹೆಸರು ಮಯೂರ್. ಮೊದಲ ಪ್ರಶ್ನೆಯೇ "ಮೇಡಂ, ನಾನು ಎಲ್ಲಿ ನಿಂತ್ಕೊಂಡ್ರೆ ನಿಮ್ಗೆ ಅಡ್ಡ ಆಗಲ್ಲ?" ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವನು ಇವನೊಬ್ಬ.

ಬಾಗಿಲು ಅಗಲಕ್ಕೆ ತೆರೆದುಕೊಂಡಿತು. ಸೀಟು ಸರಿಯಾಗಿ ನನ್ನ ಸೊಂಟಕ್ಕೆ ಸಿಕ್ಕಿತು. ಕೂತೆ. ಕಾಲು ಎತ್ತಿದೆ, ಒಂದು, ಎರಡು. ಊರುಗೋಲು ಸೀಟಿನ ಪಕ್ಕ. ಬಾಗಿಲು ಎಳೆದೆ - ದಪ್. ಒಳಗೆ ನಾನೊಬ್ಬಳೇ. ಹೊರಗಿನ ಸದ್ದೆಲ್ಲ ನಿಂತಿತು. ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ಅಳು ಬಂತು ಅಂದರೆ ಬಂತು, ಯಾರಪ್ಪಂದೇನು. ಮಯೂರ್ ಆ ಕಡೆ ತಿರುಗಿ ನಿಂತಿದ್ದ.

ಸರಳು ಇನ್ನೂ ಹಾಕಿಸಿಲ್ಲವಲ್ಲ, ಅವನೇ ಓಡಿಸಿಕೊಂಡು ನಮ್ಮನ್ನು ಉತ್ತರಹಳ್ಳಿಗೆ ಕರೆತಂದ. ನಮ್ಮ ಬೀದಿಯ ಹಂಪಿನಲ್ಲಿ ತಳ ಕರ್ ಅಂತ ಉಜ್ಜಿತು. ದಿನೇಶನಿಗೆ ಅದೇ ಬೇಕಿತ್ತು. "ನೋಡಿದ್ಯಾ? ನಮ್ ರೋಡಿಗೆ ಸೆಡಾನ್ ಆಗಲ್ಲ ಕಣಕ್ಕ."

ಹಂಪು ಹಂಪಿಗೂ ಗಾಡಿಯ ತಳ ಉಜ್ಜುವ ಚಿಂತೆ. ನನ್ನ ಮಂಡಿ ಉಜ್ಜಿದ್ದು ಯಾರು ಕೇಳಿದರು? ಉಜ್ಜಲಿ. ಓರೆಯಾಗಿ ಹತ್ತಿಸುತ್ತೇನೆ.

ಜುಲೈ 6, ಭಾನುವಾರ, ಬೆಳಿಗ್ಗೆ

ನಿನ್ನೆಯದು ನಿನ್ನೆ ಬರೆಯಲಾಗಲಿಲ್ಲ.

ಅಪ್ಪ "ಬಾ ಮಗ, ಒಂದು ಗಾಡಿ ತೋರುಸ್ತೀನಿ" ಅಂತ ಕರೆದುಕೊಂಡು ಹೋದ. ಬಿಳಿ ಪಂಚೆ, ಶಲ್ಯ, ಸೆಂಟು ಬೇರೆ. ದಿನೇಶನೂ ಜೊತೆಗೆ. ಅಲ್ಲಿ ಹೋದರೆ ಮನೆಯಷ್ಟು ಎತ್ತರದ ಕಪ್ಪು ಎಸ್‌ಯುವಿ. ಆಗಲೇ ಬುಕ್ ಮಾಡಿದ್ದಾನೆ. ಶ್ರಾವಣದ ಮೊದಲ ಶುಕ್ರವಾರಕ್ಕೆ ಡೆಲಿವರಿ. ನನ್ನನ್ನು ಒಂದು ಮಾತು ಕೇಳಿಲ್ಲ.

ಅದರ ಮೇಲೆ ಇನ್ನೊಂದು. ದಿನೇಶ ಚೀಲದಿಂದ ಕಬ್ಬಿಣದ ಒಂದು ಮಡಚುವ ಮೆಟ್ಟಿಲು ತೆಗೆದ. ವೆಲ್ಡಿಂಗ್ ಯಲ್ಲಪ್ಪನ ಕೈಲಿ ಮಾಡಿಸಿದ್ದಂತೆ. ಹಸಿರು ಪೇಂಟು, ಮೇಲೆ ಕಾಲು ಜಾರಬಾರದು ಅಂತ ಕಾರ್ಪೆಟ್ ತುಂಡು. ಅಪ್ಪನ ಮುಖದಲ್ಲಿ ಎಂಥ ಹೆಮ್ಮೆ! "ನಿನ್ಗೇ ಅಂತ ಮಾಡ್ಸಿವ್ನಿ. ಇದ್ರ ಮ್ಯಾಲೆ ಕಾಲಿಟ್ಟು ಅಂಗೇ ಹತ್ಬುಡು."

ಹುಟ್ಟಿದಾಗಿನಿಂದ ನೋಡಿದ್ದಾನೆ ನನ್ನ. ಹಿಡಿಯಲು ಕಂಬಿ ಇಲ್ಲದೆ ನಾನು ಮೆಟ್ಟಿಲು ಹತ್ತಲಾರೆ, ಕ್ಯಾಲಿಪರ್ ಲಾಕ್ ಆದರೆ ಮಂಡಿ ಮಡಚುವುದಿಲ್ಲ. ಇದು ಗೊತ್ತಿಲ್ಲ ಅವನಿಗೆ. ಪ್ರೀತಿ ಇದೆ, ನೋಟ ಇಲ್ಲ. ಆದರೂ ಪ್ರಯತ್ನಪಟ್ಟೆ. ಆ ಹಸಿರು ಮೆಟ್ಟಿಲು ನೋಡಿ ಇಲ್ಲ ಅನ್ನಲಾಗಲಿಲ್ಲ. ನುಣುಪು ಟೈಲ್ಸಿನ ಮೇಲೆ ಮೆಟ್ಟಿಲೇ ಸರ್ರನೆ ಜಾರಿತು. ಬಾಗಿಲು ಹಿಡಿದುಕೊಂಡಿದ್ದಕ್ಕೆ ಉಳಿದೆ.

"ಬಿಡಕ್ಕ, ನಾನೇ ಎತ್ತಿ ಕೂರುಸ್ತೀನಿ" ಅಂತ ದಿನೇಶ ಮುಂದೆ ಬಂದ.

"ಹೂಂ, ಎತ್ತೋ" ಅಂದ ಅಪ್ಪ. "ಮನೆ ಮಕ್ಳು ಎತ್ತುದ್ರೆ ಏನಂತೆ? ದಿನಾ ಎತ್ತಿ ಕೂರುಸ್ತಾನೆ. ಅದ್ರಾಗೇನದೆ?"

ತಲೆ ಕೆಟ್ಟಿತು. "ಏನೂ ಇಲ್ಲ ಅಲ್ವಾ? ಹಂಗಾದ್ರೆ ದಿನೇಶ, ಮೊದ್ಲು ಅಪ್ಪನ್ನ ಎತ್ತಿ ಕೂರ್ಸು. ಇಷ್ಟೂ ಜನದ ಮುಂದೆ. ಒಂದೇ ಸಲ."

ಅಪ್ಪನ ಮುಖ ಕೆಂಪಾಯಿತು. "ಏಯ್! ನಾನೇನು ಕುಂಟನಾ, ಎತ್ತುಸ್ಕೊಳಕ್ಕೆ?"

ಅಷ್ಟೇ. ಕೌಂಟರಿನ ಹುಡುಗಿ ಫೋನ್ ನೋಡತೊಡಗಿದಳು. ಅಪ್ಪನ ಬಾಯಿ ತೆರೆದೇ ಇತ್ತು, ಆಡಿದ್ದನ್ನು ವಾಪಸ್ ನುಂಗಲು ನೋಡುವವನ ಹಾಗೆ. ಬೀದಿಯವರು ಅಂದಿದ್ದಾರೆ, ಬಸ್ಸಿನವರು ಅಂದಿದ್ದಾರೆ. ಅವರಿಗೆಲ್ಲ ತಿರುಗಿಸಿ ಕೊಟ್ಟಿದ್ದೇನೆ. ಈ ಬಾಯಿಂದ ಯಾವತ್ತೂ ಕೇಳಿರಲಿಲ್ಲ.

ನೋವಾಯಿತು. ಬಹಳ ನೋವಾಯಿತು. ಊರುಗೋಲು ಟಕ ಟಕ ಅನ್ನಿಸಿಕೊಂಡು ಹೊರಗೆ ಬಂದು ಆಟೋ ಹತ್ತಿದೆ. ಹತ್ತಿದೆ - ನಾನೇ.

ಜುಲೈ 7, ಸೋಮವಾರ

ಕೆಂಪು ಬುಕ್ ಮಾಡಿದೆ. ನನ್ನ ಹೆಸರು, ನನ್ನ ಸಂಬಳ, ನನ್ನ ಸಹಿ. ಮಯೂರ್ ಕೇಳಿದ, "ಮೇಡಂ, ಡೆಲಿವರಿ ಶ್ರಾವಣಕ್ಕೆ ಇಡ್ಲಾ? ಎಲ್ರೂ ಹಂಗೇ ಕೇಳ್ತಾರೆ."

"ಗಾಡಿ ರೆಡಿ ಇದ್ಯಾ?"

"ಇದೆ. ಆಷಾಢ ಅಲ್ವಾ, ಎಲ್ಲಾ ನಿಂತಿವೆ."

"ಹಾಗಾದ್ರೆ ಆಷಾಢದಲ್ಲೇ ತಗೋತೀನಿ."

ಜುಲೈ 16, ಬುಧವಾರ

ಮನೆಯಲ್ಲಿ ಮಾತಿಲ್ಲ. ಅಪ್ಪ ನನಗೆ ಹೇಳಬೇಕಾದ್ದನ್ನೆಲ್ಲ ಅಮ್ಮನಿಗೆ ಹೇಳುತ್ತಾನೆ. ನಾನು ಅಲ್ಲೇ ಕೂತಿರುತ್ತೇನೆ.

"ಮಂಗಮ್ಮ, ಆಷಾಢದಾಗೆ ಕಬ್ಬಿಣ ಮನೆಗೆ ತತ್ತಾಳಂತೆ. ಹೇಳು ಅವ್ಳಿಗೆ. ಒಳ್ಳೇದಾಗಕಿಲ್ಲ."

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಅಪ್ಪ, ಕಬ್ಬಿಣ ಈ ಮನೇಲಿ ನನ್ ಕಾಲಲ್ಲಿ ದಿನಾ ಓಡಾಡ್ತಿದೆ. ಆಷಾಢ ಅಂತ ಅದನ್ನೂ ಬಿಚ್ಚಿಡ್ಲಾ?"

ಎದ್ದು ಹೋದ. ಬಾಗಿಲು ಜೋರಾಗಿ ಹಾಕಿಕೊಂಡ. ಹಾಕಿಕೊಳ್ಳಲಿ.

ಕಾರಿಗೆ ಕೈ ಸರಳು ಕೂರಿಸಿದ್ದಾಯಿತು. ಆರ್‌ಟಿಓ ಓಡಾಟಕ್ಕೆಲ್ಲ ದೇವದಾಸ್ ಜೊತೆಗೆ ಬಂದ. ಅಲ್ಲಿನವರು ಎರಡು ಸಲ ಕೇಳಿದರು, "ಓಡ್ಸೋದು ಯಾರು?" ಎರಡು ಸಲವೂ ನಾನೇ ಉತ್ತರ ಕೊಟ್ಟೆ.

ಜುಲೈ 19, ಶನಿವಾರ, ಸಂಜೆ

ಬಂತು!

ಹೊರಡುವಾಗ ಒಬ್ಬಳೇ ಅಂದುಕೊಂಡಿದ್ದೆ. ನೋಡಿದರೆ ಅಮ್ಮ ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು ಗೇಟಿನ ಹತ್ತಿರ ನಿಂತಿದ್ದಾಳೆ. ಅಪ್ಪ ಒಳಗಿಂದ ಕೆಮ್ಮಿದ. ಅಮ್ಮ ಕೇಳಿಸುವ ಹಾಗೇ ಅಂದಳು, "ನಿಮ್ಮಪ್ಪನ ಆಷಾಢ ನಿಮ್ಮಪ್ಪನ ತಾವೇ ಇರ್ಲಿ. ನಡಿಯವ್ವ."

ಶೋರೂಮಿನಲ್ಲಿ ಆ ದಿನಕ್ಕೆ ನಮ್ಮದೊಂದೇ ಡೆಲಿವರಿ. ಇದ್ದಬದ್ದ ಸಿಬ್ಬಂದಿಯೆಲ್ಲ ಬಂದು ಚಪ್ಪಾಳೆ ತಟ್ಟಿದರು. ಅಮ್ಮ ಬಾನೆಟ್ಟಿಗೆ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಹಿಂದೆ ಹೋಗಿ ಕೂತಳು. ಯಾಕಮ್ಮ ಮುಂದೆ ಬಾ ಅಂದರೆ, "ಹಿಂದ್ ಕೂತ್ರೇ ಯಜಮಾನಿ ಥರ ಇರ್ತದೆ" ಅಂದಳು. ನಕ್ಕೂ ನಕ್ಕೂ ಸಾಕಾಯಿತು.

ಸರಳು ಎಳೆದೆ. ನಿಂಬೆಹಣ್ಣು ಪಚಕ್.

ಜೆ.ಪಿ. ನಗರ ಸಿಗ್ನಲ್‌ನಲ್ಲಿ ಕೈ ಬೆವರಿ ಹೊರಡುವುದು ತಡವಾಯಿತು. ಹಿಂದಿನ ಆಟೋದವನು "ಯಾವೋಳಮ್ಮ ಇವ್ಳು!" ಅಂತ ಕೂಗಿದ. ಅಮ್ಮ ಕಿಟಕಿ ಇಳಿಸಿ "ನನ್ ಮಗಳು ಕಣಪ್ಪೋ!" ಅಂತ ಅವನಿಗಿಂತ ಜೋರಾಗಿ ಕೂಗಿದಳು.

ಮನೆ ಮುಂದೆ ಅಪ್ಪ ಜಗಲಿ ಮೇಲೆ ಕೂತಿದ್ದ. ಪೇಪರ್ ಎತ್ತಿ ಮುಖ ಮುಚ್ಚಿಕೊಂಡ. ಮಿಠಾಯಿ ಡಬ್ಬಿ ಮುಂದಿಟ್ಟರೆ ಮುಟ್ಟಲಿಲ್ಲ. ಅಷ್ಟು ಸಂತೋಷದ ಮಧ್ಯೆ ಅದೊಂದು ಚುಚ್ಚಿತು. ಬರಲಿ ಅಂತ ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ.

ಜುಲೈ 22, ಮಂಗಳವಾರ

ಎರಡು ದಿನ ಮಳೆಯಲ್ಲೇ ಆಫೀಸಿಗೆ ಹೋಗಿ ಬಂದೆ. ಪಟ್ಟಿ ಒಣಗಿದೆ. ಮಂಡಿ ಮಾಯುತ್ತಿದೆ. ಎಷ್ಟು ದೊಡ್ಡ ಸುಖ ಇದು, ಒಣಗಿದ ಕಾಲು!

ಬೆಳಿಗ್ಗೆ ನಾನು ಏಳುವ ಮೊದಲು ಅಪ್ಪ ಕಾರಿನ ಗಾಜಿಗೆ ಹಣೆ ಒತ್ತಿ ಒಳಗೆ ನೋಡುತ್ತಿದ್ದನಂತೆ. "ಆ ಸರಳು ಎಳುದ್ರೆ ಓಡ್ತದಾ, ತಳ್ಳುದ್ರೆ ಓಡ್ತದಾ?" ಅಂತ ಅಮ್ಮನನ್ನು ಕೇಳಿದನಂತೆ. ನನ್ನ ಕೇಳಲು ನಾಲಿಗೆ ಬರದು.

ಸಂಜೆ ಗೇಟಿಗೆ ರಿವರ್ಸ್ ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಹಿಂದಿನಿಂದ ಕೂಗು. "ಬಲಕ್ಕೆ ಹೊಡಿ, ಬಲಕ್ಕೆ! ಕಂಬ ಅದೆ!" ಶೋರೂಮಿನ ಆ ದಿನದ ನಂತರ ನನಗೆ ನೇರ ಆಡಿದ ಮೊದಲ ಮಾತು.

ಕಂಬ ನನಗೂ ಕಾಣುತ್ತಿತ್ತು, ಕ್ಯಾಮೆರಾ ಇದೆ. ಗಾಜು ಇಳಿಸಿದೆ. "ಹೊರಗೆ ನಿಂತು ಹೇಳ್ಬೇಡ, ಅಪ್ಪ. ಹೇಳೋದಿದ್ರೆ ಒಳಗೆ ಕೂತು ಹೇಳು."

ಪಂಚೆ ಕೊಡವಿ ಒಳಗೆ ಹೋದ. ಆ ಎತ್ತರದ್ದು ಶುಕ್ರವಾರ ಬರುತ್ತಂತೆ, ದಿನೇಶನ ಹೆಸರಿಗೆ. ಬರಲಿ. ಅವನು ಹತ್ತಬಲ್ಲ.

ಜುಲೈ 23, ಬುಧವಾರ, ಬೆಳಿಗ್ಗೆ 8

ಇವತ್ತು ರಜೆ ಹಾಕಿದ್ದೆ, ಸುಮ್ಮನೆ ಸುತ್ತೋಣ ಅಂತ. ತಿಂಡಿಗೆ ಕೂತಾಗ ಅಪ್ಪ ಗೋಡೆ ನೋಡಿಕೊಂಡು ಶುರು ಮಾಡಿದ.

"ಮಂಗಮ್ಮ, ನಮ್ ಹುಳಿಮಾವು ಬಾಡಿಗೆ ಮನೆ ಖಾಲಿ ಬಿದ್ದದೆ, ಹೋಗಿ ನೋಡ್ಕಂಡು ಬರ್ಬೇಕು. ಈ ಆಟೋದವ್ರು ಬಾಯಿಗ್ ಬಂದಂಗೆ ಕೇಳ್ತಾರೆ."

ಅಮ್ಮ ದೋಸೆ ಮಗುಚುತ್ತ, "ದಿನೇಶನ್ ಬೈಕಲ್ಲಿ ಹೋಗಿ" ಅಂದಳು.

"ಬೈಕಲ್ಲಿ ಸೊಂಟ ಹೋಯ್ತದೆ."

"ನಾಡಿದ್ದು ಹೊಸ ಗಾಡಿ ಬತ್ತದಲ್ಲ. ಶ್ರಾವಣದಾಗೆ ಹೋಗಿ."

"ಅಲ್ಲಿಗಂಟ ಯಾವನ್ ಕಾಯ್ತಾನೆ?"

ಅಪ್ಪ ದೋಸೆ ಮುರಿದ, ತಿನ್ನಲಿಲ್ಲ. ಆಮೇಲೆ ತಟ್ಟೆಯ ಕಡೆಗೇ ನೋಡುತ್ತ ಮೆಲ್ಲಗೆ ಅಂದ, "ಅವತ್ತು ಬಾಯಿ ತಪ್ತು ಕಣವ್ವ. ಅದ್ ನಿನ್ಗಂದಿದ್ದಲ್ಲ."

"ನನಗೇ ತಾಗಿದ್ದು" ಅಂದೆ.

ತಲೆಯಾಡಿಸಿದ. ಅಷ್ಟೇ. ಎದ್ದು ಕೈ ತೊಳೆಯಲು ಹೋದ. ಕ್ಷಮಿಸಿದ್ದೇನೆ ಅಂತಲ್ಲ. ಅಷ್ಟು ಸುಲಭಕ್ಕೆ ಹೋಗುವ ಮಾತಲ್ಲ ಅದು. ಆದರೆ ಹೇಳಿದ, ನನಗೇ ಹೇಳಿದ, ಅಮ್ಮನಿಗಲ್ಲ.

ರೂಮಿಗೆ ಬಂದು ಕ್ಯಾಲಿಪರ್ ಬಿಗಿಯುತ್ತಿದ್ದೇನೆ. ಬಲಗಾಲಾಯಿತು, ಎಡಗಾಲು ಬಾಕಿ. ಮಧ್ಯೆ ಇದನ್ನು ಬರೆಯುತ್ತಿದ್ದೇನೆ, ಅಪ್ಪ ಕಾಯಲಿ ಸ್ವಲ್ಪ. ಕಿಟಕಿಯಿಂದ ಕಾಣುತ್ತಿದೆ. ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು ಕಾರನ್ನು ಒಂದು ಸುತ್ತು ಬಂದ. ಬಾಗಿಲು ಲಾಕ್ ಮಾಡಿರಲಿಲ್ಲ. ಡ್ರೈವರ್ ಬಾಗಿಲ ಹತ್ತಿರ ನಿಂತ... ಮುಟ್ಟಲಿಲ್ಲ. ಆ ಕಡೆ ಹೋದ. ಎಡಗಡೆ ಬಾಗಿಲು ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಬಗ್ಗಿ ಕೂತ. ಆಷಾಢ ಇನ್ನೂ ಮುಗಿದಿಲ್ಲ, ಚಿಕ್ಕಬೈರಪ್ಪನವರೇ!

ಚಪ್ಪಲಿ ಒಳಗೇ ಹಾಕ್ಕೋ ಅನ್ನಬೇಕು. ಬೆಲ್ಟ್ ಹಾಕಿಸಬೇಕು. ಬಲಕ್ಕೆ ಹೊಡಿ ಎಡಕ್ಕೆ ಹೊಡಿ ಅಂದರೆ ಹುಳಿಮಾವು ಕೆರೆ ಹತ್ತಿರ ಇಳಿಸಿ ಬರುತ್ತೇನೆ ಅಂತ ಮೊದಲೇ ಹೇಳಿ

ಅಯ್ಯೋ, ಹಾರ್ನ್ ಹೊಡೆಯುತ್ತಿದ್ದಾನೆ! ಬೀದಿಗೆಲ್ಲ ಕೇಳುವ ಹಾಗೆ, ಎಡಗಡೆಯಿಂದ ಕೈ ಚಾಚಿ, ಬಿಡದೆ. ಬಂದೆ ಅಪ್ಪ, ಬಂ